ಟಿಕೆಟ್‌ನಲ್ಲಿರುವ ಸಮಯ ನೋಡಿ ಮೋಸಹೋಗಬೇಡಿ

ವಿಮಾನ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 7ಕ್ಕೆ ಇಳಿಯುತ್ತದೆ ಅಂತ ಟಿಕೆಟ್‌ನಲ್ಲಿದ್ದರೆ, ಪ್ರಯಾಣ 5 ಗಂಟೆಯದಲ್ಲ! ಇಳಿಯುವ ಸಮಯ ಅಲ್ಲಿನ ಗಡಿಯಾರದ್ದು, ಅದು ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅದನ್ನೂ ಕೂಡಿಸಿ, ಹದಿನೇಳೂವರೆ ಗಂಟೆ. ಚಳಿಗಾಲದಲ್ಲಿ ಈ ವ್ಯತ್ಯಾಸ ಇನ್ನೂ ಒಂದು ಗಂಟೆ ಜಾಸ್ತಿ. ಬಹಳ ಜನ ಮರೆಯುವುದು ಇದನ್ನೇ.

ಈ ಲೆಕ್ಕ ಸರಿಯೇ ಅಂತ ದೂರದಿಂದಲೂ ನೋಡಬಹುದು. ದೂರ ಸುಮಾರು 14,000 ಕಿ.ಮೀ. ಗೋಡೆ ಮ್ಯಾಪ್ ಮೇಲೆ ಸುಮ್ನೆ ಸ್ಕೇಲ್ ಇಟ್ಟು ಅಳೆಯಬೇಡಿ. ಭೂಮಿ ದುಂಡಗಿದೆ, ಅಲ್ವಾ? ಗ್ಲೋಬ್ ಮೇಲೆ ದಾರ ಎಳೆದು ನೋಡಿ, ಇಲ್ಲವೇ ಗೂಗಲ್ ಅರ್ಥ್‌ನಲ್ಲಿ ಅಳೆಯಿರಿ. ಗಂಟೆಗೆ 900 ಕಿ.ಮೀ. ಅಂತ ಭಾಗಿಸಿದರೆ ಹದಿನೈದೂವರೆ ಗಂಟೆ. ಏರಲು, ಇಳಿಯಲು, ರನ್‌ವೇ ತಲುಪಲು, ಸುತ್ತುದಾರಿಗೆ ಒಂದೆರಡು ಗಂಟೆ ಸೇರಿಸಿ. ಗಾಳಿ ಎದುರಾದರೆ ಇನ್ನೂ ತಡ.