ಫಿನ್ನಿಷ್–ಸ್ವೀಡಿಷ್ ನೆರೆಹೊರೆಯ ಡಿಎನ್‌ಎ ಹೋಲಿಸುವುದು ಹೇಗೆ

ಫಿನ್ಲೆಂಡಿನ ಜನರಲ್ಲಿ ಸುಮಾರು 5% ಮಂದಿಯ ತಾಯ್ನುಡಿ ಸ್ವೀಡಿಷ್. ದೇಶದ ಪಶ್ಚಿಮದ ಓಸ್ಟ್ರೊಬೋತ್ನಿಯಾ ಕರಾವಳಿಯಲ್ಲಿ ಅವರ ಊರುಗಳಿಗೂ ಫಿನ್ನಿಷ್ ಊರುಗಳಿಗೂ ಕೆಲವೇ ಕಿಲೋಮೀಟರ್ ದೂರ. ಆದರೆ ದೇಶದ ದೊಡ್ಡ ಅನುವಂಶೀಯ ಗೆರೆ ಈ ಎರಡು ಭಾಷೆಗಳ ನಡುವೆ ಹಾದುಹೋಗುವುದಿಲ್ಲ. ಅದು ಫಿನ್ನಿಷ್ ಮಾತಾಡುವವರನ್ನೇ ಪಶ್ಚಿಮ, ಪೂರ್ವ ಎಂದು ಸೀಳುತ್ತದೆ, ಹೆಚ್ಚುಕಡಿಮೆ ಸ್ವೀಡನ್ ಮತ್ತು ನವ್ಗೊರೊದ್ (ಆಗಿನ ರಷ್ಯನ್ ರಾಜ್ಯ) 1323ರಲ್ಲಿ ಒಪ್ಪಿದ ಗಡಿಯ ಗುಂಟ. ಹೋಲಿಕೆಯನ್ನು ಈ ಗೆರೆಯಿಂದಲೇ ಆರಂಭಿಸಿ.

ಅದಕ್ಕೆ ಕನಿಷ್ಠ ನಾಲ್ಕು ಗುಂಪು ಬೇಕು: ಸ್ವೀಡಿಷ್ ಕರಾವಳಿ, ಪಕ್ಕದ ಫಿನ್ನಿಷ್ ಪಶ್ಚಿಮ, ಸಾವೊ ಮತ್ತು ಕರೇಲಿಯಾದ ಪೂರ್ವ, ಹಾಗೂ ಮಧ್ಯ ಸ್ವೀಡನ್. ಪೂರ್ವವನ್ನು ಬಿಟ್ಟರೆ ಭಾಷೆಯ ವ್ಯತ್ಯಾಸ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಲ್ಲರಿಗೂ ತೆರೆದಿರುವ ಡಿಎನ್‌ಎ ಸಂಗ್ರಹವಾದ 1000 ಜೀನೋಮ್ಸ್‌ನಲ್ಲಿ 99 ಫಿನ್ ಮಾದರಿಗಳಿವೆ, ಸ್ವೀಡಿಷ್ ಗುಂಪು ಇಲ್ಲ. ಅದರ ಬದಲಿಗೆ ಬ್ರಿಟಿಷರನ್ನು ಕೂರಿಸಬೇಡಿ. ವ್ಯಕ್ತಿಯನ್ನು ಅವರ ಈಗಿನ ಭಾಷೆ ನೋಡಿ ಆರಿಸಬಾರದು. ನಾಲ್ವರು ಅಜ್ಜ-ಅಜ್ಜಿಯರೂ ಸುಮಾರು 50 ಕಿ.ಮೀ. ಒಳಗೆ ಹುಟ್ಟಿದವರಾಗಿರಬೇಕು. 1686ರ ಚರ್ಚ್ ಕಾನೂನಿನಿಂದಾಗಿ ಪ್ಯಾರಿಷ್ (ಚರ್ಚ್ ವಲಯ) ದಾಖಲೆಗಳು ಚೆನ್ನಾಗಿವೆ, ಬಳಸಿಕೊಳ್ಳಿ. ಕುಲನಾಮವನ್ನು ಮಾತ್ರ ನಂಬಬೇಡಿ: 1906ರಲ್ಲಿ ಸಾವಿರಾರು ಕುಟುಂಬಗಳು ಸ್ವೀಡಿಷ್ ಹೆಸರು ಬಿಟ್ಟು ಫಿನ್ನಿಷ್ ಹೆಸರು ಇಟ್ಟುಕೊಂಡವು.

ಈಗ ಶುದ್ಧೀಕರಣ. 2%ಗಿಂತ ಹೆಚ್ಚು ದತ್ತಾಂಶ ಖಾಲಿ ಇರುವ ಮಾರ್ಕರ್ (ಜನರಲ್ಲಿ ಭಿನ್ನವಾಗುವ ಡಿಎನ್‌ಎ ಸ್ಥಳ) ಮತ್ತು ಮಾದರಿಗಳನ್ನು ತೆಗೆಯಿರಿ. 5%ಗಿಂತ ವಿರಳವಾದ ರೂಪಾಂತರಗಳನ್ನೂ ತೆಗೆಯಿರಿ. ಕಿನ್‌ಶಿಪ್ (ರಕ್ತಸಂಬಂಧದ ಅಳತೆ) 0.0884 ದಾಟಿದ ಜೋಡಿಯಲ್ಲಿ ಒಬ್ಬರನ್ನೇ ಉಳಿಸಿ. 50 ಮಾರ್ಕರ್‌ಗಳ ಕಿಟಕಿ, 5ರ ಹೆಜ್ಜೆ, ಆರ್-ವರ್ಗ (ಎರಡು ಮಾರ್ಕರ್ ಎಷ್ಟು ಒಟ್ಟಿಗೆ ಸಾಗುತ್ತವೆ ಎಂಬ ಅಳತೆ) 0.2 ಇಟ್ಟು ಪರಸ್ಪರ ಅಂಟಿಕೊಂಡ ಮಾರ್ಕರ್‌ಗಳನ್ನು ಕಡಿಮೆ ಮಾಡಿ. 6ನೇ ಕ್ರೋಮೋಸೋಮಿನಲ್ಲಿ ರೋಗನಿರೋಧಕ ಜೀನುಗಳಿರುವ ಎಚ್‌ಎಲ್‌ಎ ಪ್ರದೇಶವನ್ನು ಪೂರ್ತಿ ಬಿಡಿ. ಎರಡು ದೇಶದ ಮಾದರಿಗಳು ಬೇರೆ ಬೇರೆ ಡಿಎನ್‌ಎ ಚಿಪ್‌ನಲ್ಲಿ ಓದಿದವಾದರೆ ಎ/ಟಿ, ಸಿ/ಜಿ ಮಾರ್ಕರ್‌ಗಳನ್ನೂ ಕಿತ್ತುಹಾಕಿ. ಇಲ್ಲವಾದರೆ ಚಿಪ್‌ನ ವ್ಯತ್ಯಾಸವೇ ವಂಶದ ವ್ಯತ್ಯಾಸವಾಗಿ ಕಾಣಿಸಿಕೊಳ್ಳುತ್ತದೆ, ಅದೂ ತುಂಬ ಅಂದವಾಗಿ.

ಪಿಸಿಎ (ಡಿಎನ್‌ಎ ಹೋಲಿಕೆಯನ್ನು ಕೆಲವೇ ಅಕ್ಷಗಳಿಗೆ ಇಳಿಸುವ ವಿಧಾನ) ಚಿತ್ರಕ್ಕೆ ಪ್ರತಿ ಗುಂಪಿನಿಂದ ಸಮಾನ ಸಂಖ್ಯೆ ತೆಗೆದುಕೊಳ್ಳಿ. ದೊಡ್ಡ ಗುಂಪು ಅಕ್ಷಗಳನ್ನು ತನ್ನತ್ತ ಎಳೆಯುತ್ತದೆ.

ಹೆಚ್ಚಿನವರು ಎಡವುವುದು, ಪ್ರತಿಯೊಬ್ಬರ ವಂಶದ ಪಾಲುಗಳನ್ನು ಬಣ್ಣಗಳಲ್ಲಿ ತೋರಿಸುವ ಅಡ್‌ಮಿಕ್ಸ್ಚರ್ ಪಟ್ಟಿಗಳಲ್ಲಿ. 16ನೇ ಶತಮಾನದಲ್ಲಿ ಸಾವೊದಿಂದ ಹೊರಟ ಕಡಿಮೆ ಜನರೇ ಪೂರ್ವ ಮತ್ತು ಉತ್ತರದ ವಿಶಾಲ ಕಾಡುಗಳನ್ನು ತುಂಬಿದರು. ಸಣ್ಣ ಮೂಲದಿಂದ ಬೆಳೆದ ಗುಂಪಿನಲ್ಲಿ ಜೆನೆಟಿಕ್ ಡ್ರಿಫ್ಟ್ (ಜೀನ್ ರೂಪಗಳ ಪ್ರಮಾಣ ಆಕಸ್ಮಿಕವಾಗಿ ಬದಲಾಗುವುದು) ಜೋರು, ಹಾಗಾಗಿ ಅದಕ್ಕೆ ತನ್ನದೇ ಬಣ್ಣ ಬರುತ್ತದೆ. ಪಶ್ಚಿಮದವರಲ್ಲಿ ಉಳಿದ ಬಣ್ಣವನ್ನು ‘ಸ್ವೀಡಿಷ್ ಪಾಲು’ ಎಂದು ಓದುವುದು ತಪ್ಪು. ಡ್ರಿಫ್ಟ್ ಕಡಿಮೆ ಇರುವುದೂ ಹಾಗೇ ಕಾಣುತ್ತದೆ. ಒಂದು ಗುಂಪು ಇನ್ನೆರಡರ ಮಿಶ್ರಣವೇ ಎಂದು ನೋಡುವ ಎಫ್3 ಪರೀಕ್ಷೆ ಮಾಡಿ: ಮೌಲ್ಯ ಸ್ಪಷ್ಟವಾಗಿ ಋಣಾತ್ಮಕವಾದರೆ ಮಿಶ್ರಣ ನಡೆದಿದೆ. ಧನಾತ್ಮಕವಾದರೆ ಮಿಶ್ರಣ ಇಲ್ಲ ಎಂದಲ್ಲ, ಡ್ರಿಫ್ಟ್ ಅದನ್ನು ಮುಚ್ಚಿರಬಹುದು.

ಮಿಶ್ರಣದ ಕಾಲ ತಿಳಿಯಲು ಒಂದೇ ಮೂಲದಿಂದ ಬಂದ ಡಿಎನ್‌ಎ ತುಣುಕುಗಳ ಉದ್ದವನ್ನು ಸೆಂಟಿಮಾರ್ಗನ್‌ನಲ್ಲಿ (ಅನುವಂಶೀಯ ದೂರದ ಅಳತೆ) ಅಳೆಯಿರಿ. ಒಮ್ಮೆ ಮಾತ್ರ ಬೆರೆತಿದ್ದರೆ ಸರಾಸರಿ ಉದ್ದ ಸರಿಸುಮಾರು 100 ಸೆಂಟಿಮಾರ್ಗನ್ ಅನ್ನು ತಲೆಮಾರುಗಳ ಸಂಖ್ಯೆಯಿಂದ ಭಾಗಿಸಿದಷ್ಟು. 10 ಸೆಂಟಿಮಾರ್ಗನ್ ಎಂದರೆ 10 ತಲೆಮಾರು, ತಲೆಮಾರಿಗೆ 29 ವರ್ಷದಂತೆ 290 ವರ್ಷ. ನೆರೆಯವರು ಶತಮಾನಗಟ್ಟಲೆ ಮದುವೆಯಾಗುತ್ತಾ ಬಂದಿದ್ದರೆ ಸಿಗುವುದು ಒಂದು ಸರಾಸರಿ ಮಾತ್ರ, ಯಾವ ಘಟನೆಯ ದಿನಾಂಕವೂ ಅಲ್ಲ.

ತಂದೆಯಿಂದ ಮಗನಿಗೆ ಹೋಗುವ ವೈ ಕ್ರೋಮೋಸೋಮಿನ ವಂಶಗುಂಪುಗಳಲ್ಲಿ ಎನ್ ಪೂರ್ವದಲ್ಲಿ, ಐ1 ಪಶ್ಚಿಮದಲ್ಲಿ ಹೆಚ್ಚು. ಆದರೆ ಅದು ತಂದೆಯ ಒಂದೇ ಎಳೆ.

ಫಿನ್ಲೆಂಡ್–ಸ್ವೀಡನ್ ನಡುವಿನ ಸ್ವೀಡಿಷ್ ಮಾತಿನ ಒಲಾಂಡ್ ದ್ವೀಪಗಳನ್ನು ಕರಾವಳಿಯ ಸ್ವೀಡಿಷ್ ಗುಂಪಿಗೆ ಸೇರಿಸಬೇಡಿ. ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ವಿವರಿಸಿದ ರಕ್ತಸ್ರಾವ ರೋಗದ ಕುಟುಂಬ ಅಲ್ಲಿನ ಫೊಗ್ಲೊದ್ದು. ಸಣ್ಣ ದ್ವೀಪಗಳಿಗೆ ತಮ್ಮದೇ ಡ್ರಿಫ್ಟ್ ಇರುತ್ತದೆ, ಅದನ್ನು ಐದನೇ ಗುಂಪಾಗಿ ಬೇರೆಯೇ ಇಡಿ.