ಅಂಗವಿಕಲ ಪಿಂಚಣಿ ಜಾಸ್ತಿ ಬಂದಿದೆ, ವಾಪಸ್ ಕಟ್ಟಿ ಅಂತ ನೋಟಿಸ್ ಬಂದ್ರೆ ಏನ್ ಮಾಡ್ಬೇಕು

ಮನೇಲಿ ಮಗನ್ನೋ ಮಗಳನ್ನೋ ಹಗಲೂ ರಾತ್ರಿ ನೋಡ್ಕೊಳ್ತಾ, ಆ ಪಿಂಚಣಿ ದುಡ್ಡಲ್ಲೇ ಡೈಪರ್ರು ಮಾತ್ರೆ ತರ್ತಿರೋ ತಾಯಂದಿರಿಗೆ ತಾಲ್ಲೂಕು ಆಫೀಸಿಂದ ವಸೂಲಿ ನೋಟಿಸ್ ಬಂದ್ರೆ ಕೈಕಾಲೇ ಆಡಲ್ಲ. ಹೆದರಿ ದುಡ್ಡು ಕಟ್ಬೇಡಿ. ಕಂತಲ್ಲಿ ಕಟ್ತೀನಿ ಅಂತ ಮುಚ್ಚಳಿಕೆ ಬರ್ಕೊಡೋದಂತೂ ಬೇಡ್ವೇ ಬೇಡ, ಆಮೇಲೆ ನೀವೇ ಒಪ್ಕೊಂಡಿದೀರಲ್ಲ ಅಂತಾರೆ.

ಬಂದಿರೋದು ಬರೀ ನೋಟಿಸಾ, ಇಲ್ಲಾ ಆದೇಶನಾ ನೋಡಿ. ನೋಟಿಸ್ ಆದ್ರೆ ತಹಶೀಲ್ದಾರ್‌ಗೇ ಲಿಖಿತವಾಗಿ ಆಕ್ಷೇಪಣೆ ಕೊಡಿ, ಆದೇಶ ಆಗೋಗಿದ್ರೆ ಅವರ ಮೇಲಿನ ಅಧಿಕಾರಿ ಉಪವಿಭಾಗಾಧಿಕಾರಿ, ಅಂದ್ರೆ ಎಸಿ ಸಾಹೇಬ್ರಿಗೆ ಮೇಲ್ಮನವಿ. ನಮ್ಮ ಹಾಸನ ಜಿಲ್ಲೇಲಿ ಹಾಸನ, ಸಕಲೇಶಪುರ ಎರಡು ಕಡೆ ಎಸಿ ಆಫೀಸಿದೆ, ಚಿಕ್ಕಮಗಳೂರಿನವರಿಗೆ ಚಿಕ್ಕಮಗಳೂರು, ತರೀಕೆರೆ. ಗಡುವು ಕಾಗದದಲ್ಲೇ ಇದ್ರೆ ಅಷ್ಟರೊಳಗೆ, ಇಲ್ದಿದ್ರೆ 30 ದಿನ ದಾಟಿಸ್ಬೇಡಿ. ಪೋಸ್ಟಲ್ಲಿ ಬಂದ ಕವರ್ ಎಸೀಬೇಡಿ, ನಿಮಗೆ ಯಾವತ್ತು ತಲುಪ್ತು ಅನ್ನೋದಕ್ಕೆ ಅದೇ ಸಾಕ್ಷಿ.

ಮುಖ್ಯ ಇರೋದು ಲೆಕ್ಕದಲ್ಲಿ. ಶೇ. 40ರಿಂದ 75 ಅಂಗವೈಕಲ್ಯಕ್ಕೆ ತಿಂಗಳಿಗೆ 800, ಅದಕ್ಕಿಂತ ಜಾಸ್ತಿ ಇದ್ರೆ 1,400 ಅಲ್ವಾ. ಈಗ ಯುಡಿಐಡಿ, ಅಂದ್ರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್ ಮಾಡಿಸೋವಾಗ ಮರುತಪಾಸಣೇಲಿ ಶೇ. 80 ಇದ್ದಿದ್ದು 60 ಆಯ್ತು ಅಂದ್ಕೊಳ್ಳಿ, ಆಗ್ಲೂ 800ಕ್ಕೆ ಹಕ್ಕಿದ್ದೇ ಇದೆ, ಹೆಚ್ಚುವರಿ ಅಂತ ಕೇಳಿದ್ರೆ 600 ಮಾತ್ರ ಕೇಳ್ಬಹುದು. 18 ತಿಂಗಳಿಗೆ 10,800. ಪೂರ್ತಿ 1,400 ಹಿಡಿದು 25,200 ಕಟ್ಟಿ ಅಂತ ಬರೆದಿದ್ರೆ ಅದು ತಪ್ಪು ಲೆಕ್ಕ. ಹೊಸ ಸರ್ಟಿಫಿಕೇಟಿನ ತಾರೀಖಿಗಿಂತ ಹಿಂದಿನ ತಿಂಗಳುಗಳನ್ನ ಸೇರಿಸಿದ್ರೂ ಬಿಡ್ಬೇಡಿ, ಆಗ ಹಳೇದೇ ಚಾಲ್ತಿಲಿತ್ತು.

ಆಮೇಲೆ ಪಾಸ್‌ಬುಕ್ ಎಂಟ್ರಿ ಹಾಕಿಸ್ಕೊಂಡು ಬಂದು ಒಂದೊಂದು ತಿಂಗಳೂ ಪೆನ್ಸಿಲಲ್ಲಿ ಟಿಕ್ ಹಾಕ್ತಾ ಹೋಗಿ, ಯಾಕಂದ್ರೆ ಆಧಾರ್ ಲಿಂಕ್ ತೊಂದರೆಯಿಂದ ಎಷ್ಟೋ ತಿಂಗಳು ದುಡ್ಡು ಬಂದೇ ಇರಲ್ಲ, ಇಲ್ಲಾ ಬೇರೆ ಬ್ಯಾಂಕಿನ ಖಾತೆಗೆ ಹೋಗಿರತ್ತೆ. ಕೈಗೆ ಬರದ ದುಡ್ಡನ್ನ ಯಾಕೆ ಕಟ್ಬೇಕು ಹೇಳಿ?

ತಿಂಗಳವಾರು ಲೆಕ್ಕ ಕೊಡಲ್ಲ ಅಂದ್ರೆ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. ಒಂದೇ ವಿಷ್ಯ, 150 ಪದದೊಳಗೆ ಇರ್ಲಿ. ಉತ್ತರಕ್ಕೆ ಅವರಿಗೆ 30 ದಿನ ಇರತ್ತೆ, ಅದಕ್ಕೆ ಕಾಯ್ತಾ ಅಪೀಲ್ ಗಡುವು ಕಳ್ಕೋಬೇಡಿ.

ಅಪೀಲಲ್ಲಿ ಉದ್ದುದ್ದ ಕಥೆ ಬೇಡ. ಲೆಕ್ಕ ಎಲ್ಲಿ ತಪ್ಪಿದೆ, ನೀವು ಏನೂ ಮುಚ್ಚಿಟ್ಟಿಲ್ಲ, ಆದೇಶಕ್ಕೆ ಮುಂಚೆ ನಿಮ್ಮ ಮಾತು ಕೇಳಿಲ್ಲ ಅಂದ್ರೆ ಅದು, ಅಷ್ಟು ಬರೀರಿ. ತೀರ್ಮಾನ ಆಗೋವರೆಗೂ ವಸೂಲಿಗೆ ತಡೆ ಕೊಡಿ, ಪಿಂಚಣಿ ನಿಲ್ಲಿಸ್ಬೇಡಿ ಅಂತ ಬೇರೆ ಪ್ಯಾರಾದಲ್ಲೇ ಕೇಳಿ, ಇದನ್ನೇ ತುಂಬಾ ಜನ ಮರೆಯೋದು. ವಾಟ್ಸಾಪಲ್ಲಿ ಓಡಾಡೋ 2014ರ ಸುಪ್ರೀಂ ಕೋರ್ಟ್ ತೀರ್ಪು, ಜಾಸ್ತಿ ಕೊಟ್ಟ ದುಡ್ಡನ್ನ ಕೆಲವು ಸಂದರ್ಭದಲ್ಲಿ ವಸೂಲಿ ಮಾಡಂಗಿಲ್ಲ ಅನ್ನೋ ಆ ರಫೀಕ್ ಮಸೀಹ್ ಕೇಸು, ಸರ್ಕಾರಿ ನೌಕರರಿಗೆ ಸಂಬಂಧಪಟ್ಟಿದ್ದು, ಬರೀ ಅದನ್ನೇ ನೆಚ್ಕೋಬೇಡಿ.

ಕೊಡೋವಾಗ ನಿಮ್ಮ ಕಾಪಿ ಮೇಲೆ ಸೀಲು, ತಾರೀಖು ಹಾಕಿಸ್ಕೊಳ್ಳಿ. ಬರೆಯೋಕೆ ಆಗಲ್ಲ ಅಂದ್ರೆ ಪಂಚಾಯ್ತಿಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಕೇಳಿ. ವಕೀಲರೇ ಬೇಕಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೂ ಅಂಗವಿಕಲರಿಗೂ ಆದಾಯ ಎಷ್ಟೇ ಇರ್ಲಿ ಉಚಿತ, ಮಗನ್ನ ಬಿಟ್ಟು ಮನೆಯಿಂದ ಹೊರಡೋಕಾಗಲ್ಲ ಅನ್ನೋರು 15100ಕ್ಕೆ ಫೋನ್ ಮಾಡಿ.