ಕಾಯಿಲ್ ಸುತ್ತಿ, ಬತ್ತಿ ಹಾಕಿ: ರೀಬಿಲ್ಡಬಲ್ ಅಟಮೈಸರ್‌ನ ಮೊದಲ ಪಾಠ

ವೇಪ್ ಸಾಧನದ (ಇ-ಸಿಗರೇಟಿನ) ರೆಡಿಮೇಡ್ ಕಾಯಿಲ್ ಸುಟ್ಟ ವಾಸನೆ ಹೊಡೆಯತೊಡಗಿದರೆ ಅದನ್ನು ಕಿತ್ತು ಎಸೆಯುವುದೊಂದೇ ದಾರಿ. ಎಸೆಯುವ ಮುನ್ನ ಒಮ್ಮೆ ಒಡೆದು ನೋಡಿ. ಒಳಗಿರುವುದು ತಂತಿಯ ಒಂದು ಸಣ್ಣ ಸುರುಳಿ, ಅದಕ್ಕೆ ಅಂಟಿಕೊಂಡ ಚೂರು ಹತ್ತಿ, ಅಷ್ಟೇ. ಹೆಚ್ಚಿನ ಸಲ ಕರಕಲಾಗಿರುವುದು ಹತ್ತಿ ಮಾತ್ರ. ತಂತಿ ಗಟ್ಟಿಮುಟ್ಟಾಗಿಯೇ ಇರುತ್ತದೆ. ಆ ತಂತಿ, ಹತ್ತಿ ಎರಡನ್ನೂ ನಮ್ಮ ಕೈಯಾರೆ ಬದಲಿಸಲು ಬರುವಂಥ ಅಟಮೈಸರ್‌ಗೆ, ಅಂದರೆ ಲಿಕ್ವಿಡನ್ನು ಕಾಯಿಸಿ ಆವಿ ಮಾಡುವ ಭಾಗಕ್ಕೆ, ರೀಬಿಲ್ಡಬಲ್ ಎನ್ನುತ್ತಾರೆ.

ಸಿಗರೇಟು ಬಿಟ್ಟು ಈಗಾಗಲೇ ವೇಪ್‌ಗೆ ಬಂದಿರುವ ವಯಸ್ಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಿಕೋಟಿನ್ ಚಟ ಹಿಡಿಸುವ ವಸ್ತು. ಸೇದುವ ಅಭ್ಯಾಸವೇ ಇಲ್ಲದವರು, ಹದಿಹರೆಯದವರು ಇದರ ಹತ್ತಿರ ಸುಳಿಯಬಾರದು. ಕೆಲವು ದೇಶಗಳಲ್ಲಿ ಈ ಸಾಧನಗಳ ಮಾರಾಟವನ್ನೇ ಕಾನೂನು ನಿಷೇಧಿಸಿದೆ. ನೀವಿರುವ ಕಡೆಯ ನಿಯಮವನ್ನು ಮೊದಲು ತಿಳಿದುಕೊಳ್ಳಿ.

ಕಲಿಯಲು ಹೊರಟವರು ಸಾಮಾನ್ಯವಾಗಿ ತಂತಿಯ ಬಗ್ಗೆಯೇ ತಲೆಕೆಡಿಸಿಕೊಳ್ಳುತ್ತಾರೆ. ಹೆಣೆದ ತಂತಿ, ತಿರುಚಿದ ತಂತಿ, ಬಗೆಬಗೆಯ ವಿನ್ಯಾಸದ ಕಾಯಿಲ್‌ಗಳ ಹಿಂದೆ ಬೀಳುತ್ತಾರೆ. ನನ್ನ ಅನುಭವದಲ್ಲಿ ರುಚಿ ಕೆಡುವುದು ಹತ್ತಿಯಿಂದ, ಜೀವಕ್ಕೆ ಕುತ್ತು ಬರುವುದು ಬ್ಯಾಟರಿಯಿಂದ. ತಂತಿ ಇವೆರಡರ ನಡುವೆ ಸುಮ್ಮನೆ ತನ್ನ ಕೆಲಸ ಮಾಡಿಕೊಂಡಿರುತ್ತದೆ. ಹಾಗಾಗಿ ಈ ಲೇಖನದಲ್ಲಿ ತಂತಿಗೆ ಕಡಿಮೆ ಜಾಗ, ಉಳಿದೆರಡಕ್ಕೆ ಹೆಚ್ಚು.

ಯಾವುದರಿಂದ ಶುರು?

ಮುಖ್ಯವಾಗಿ ಎರಡು ಬಗೆಗಳಿವೆ. ಆರ್‌ಡಿಎ ಎಂದರೆ ಡ್ರಿಪ್ಪರ್. ಇದಕ್ಕೆ ಟ್ಯಾಂಕ್ ಇಲ್ಲ. ನಾಲ್ಕಾರು ದಮ್ಮಿಗೊಮ್ಮೆ ಮೇಲಿನಿಂದ ಲಿಕ್ವಿಡ್ ಹನಿಸುತ್ತಿರಬೇಕು. ಆರ್‌ಟಿಎ ಎಂದರೆ ಟ್ಯಾಂಕ್ ಇರುವಂಥದ್ದು. ಹತ್ತಿಯ ತುದಿಗಳು ಕೆಳಗಿನ ತೂತುಗಳ ಮೂಲಕ ತಾವೇ ಲಿಕ್ವಿಡ್ ಹೀರಿಕೊಳ್ಳುತ್ತವೆ. ದಿನವಿಡೀ ಬಳಸಲು ಆರ್‌ಟಿಎ ಅನುಕೂಲ, ನಿಜ. ಆದರೆ ಕಲಿಯಲು ಒಂದೇ ಕಾಯಿಲ್ ಕೂರುವ ಆರ್‌ಡಿಎಯೇ ಒಳ್ಳೆಯದು. ಮುಚ್ಚಳ ಎತ್ತಿದರೆ ಸಾಕು, ಎಲ್ಲವೂ ಕಣ್ಣೆದುರೇ ಇರುತ್ತದೆ. ಹತ್ತಿ ಒಣಗಿದೆಯೋ ತೊಯ್ದಿದೆಯೋ, ಕಾಯಿಲ್ ಎಲ್ಲಿ ಕೆಂಪಾಗುತ್ತಿದೆ, ಎಲ್ಲಿ ಆಗುತ್ತಿಲ್ಲ, ಯಾವುದೂ ಮರೆಯಾಗಿರುವುದಿಲ್ಲ. ಆರ್‌ಟಿಎಯಲ್ಲಿ ತಪ್ಪು ಮಾಡಿದರೆ ಲಿಕ್ವಿಡ್ ಸೋರುತ್ತದೆ. ಯಾಕೆ ಸೋರಿತು ಎಂದು ಹೊಸಬರಿಗೆ ತಿಳಿಯುವುದು ಕಷ್ಟ.

ಇದನ್ನು ಕೂರಿಸುವ ಬ್ಯಾಟರಿ ಸಾಧನಕ್ಕೆ ಮಾಡ್ ಎನ್ನುತ್ತಾರೆ. ಹೊಸಬರು ಕೊಳ್ಳಬೇಕಾದ್ದು ರೆಗ್ಯುಲೇಟೆಡ್ ಮಾಡ್ ಮಾತ್ರ. ಅದರೊಳಗಿನ ಚಿಪ್ ಕಾಯಿಲ್‌ನ ಓಮ್ (ವಿದ್ಯುತ್ತಿಗೆ ಅದು ಒಡ್ಡುವ ತಡೆ) ಅಳೆದು ಪರದೆಯ ಮೇಲೆ ತೋರಿಸುತ್ತದೆ, ಶಾರ್ಟ್ ಆಗಿದ್ದರೆ ಕರೆಂಟ್ ಹರಿಯಲು ಬಿಡುವುದಿಲ್ಲ. ಮೆಕ್ಯಾನಿಕಲ್ ಮಾಡ್ ಎಂಬುದರಲ್ಲಿ ಚಿಪ್ಪೇ ಇಲ್ಲ. ಅದು ಒಂದು ಲೋಹದ ಕೊಳವೆ, ಒಳಗೊಂದು ಬ್ಯಾಟರಿ, ತಳದಲ್ಲೊಂದು ಗುಂಡಿ. ಅಲ್ಲಿ ತಪ್ಪಾದರೆ ತಡೆಯುವವರು ಯಾರೂ ಇಲ್ಲ. 2018ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ವೇಪ್ ಸಾಧನ ಸಿಡಿದು ಒಬ್ಬರು ಪ್ರಾಣ ಕಳೆದುಕೊಂಡರು. ಕೈ ಪಳಗುವ ತನಕ ಮೆಕ್ಯಾನಿಕಲ್ ಮಾಡ್ ಮುಟ್ಟಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಉಳಿದಂತೆ ಬೇಕಾದ ಸಾಮಾನು ಕಡಿಮೆ: ತಂತಿಯ ಒಂದು ಸುರುಳಿ, ಹತ್ತಿ, ಸಣ್ಣ ಸ್ಕ್ರೂಡ್ರೈವರ್, ತಂತಿಯನ್ನು ಬುಡದಲ್ಲೇ ಕತ್ತರಿಸುವ ಪುಟ್ಟ ಕಟರ್, ಚೂಪಾದ ಕತ್ತರಿ, ಸುತ್ತಲು 3 ಮಿಲಿಮೀಟರ್ ದಪ್ಪದ ನಯವಾದ ಕಡ್ಡಿ. ಇನ್ನೊಂದು, ಸೆರಾಮಿಕ್ ಮೊನೆಯ ಚಿಮಟ. ಇದರಲ್ಲಿ ಮಾತ್ರ ಜಿಪುಣತನ ಬೇಡ. ಸೆರಾಮಿಕ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲ, ಕೆಂಪಗೆ ಕಾದ ತಂತಿಯನ್ನು ಅದರಿಂದ ಹಿಡಿಯಬಹುದು.

ಹೊಸ ಅಟಮೈಸರ್ ಕೈಗೆ ಬಂದಕೂಡಲೇ ಪೂರ್ತಿ ಬಿಚ್ಚಿ, ಬಿಸಿನೀರು ಮತ್ತು ಸೋಪಿನಲ್ಲಿ ತೊಳೆದು ಒಣಗಿಸಿ. ಲೇತ್‌ನಲ್ಲಿ ಕಡೆದ ಭಾಗಗಳಲ್ಲಿ ಯಂತ್ರದ ಎಣ್ಣೆಯ ಜಿಡ್ಡು ಉಳಿದಿರುತ್ತದೆ.

ಓಮ್ ಲೆಕ್ಕ

ಹೊಸಬರಿಗೆ ಕ್ಯಾಂಥಲ್ ತಂತಿ ಸಾಕು. ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಬೆರೆತ ಈ ಮಿಶ್ರಲೋಹ ಸ್ವೀಡನ್‌ನಲ್ಲಿ ಹುಟ್ಟಿದ್ದು, ಮೂಲತಃ ವಿದ್ಯುತ್ ಕುಲುಮೆ ಮತ್ತು ಹೀಟರ್‌ಗಳಿಗಾಗಿ. ನಿಕಲ್ ಮತ್ತು ಕ್ರೋಮಿಯಂ ಸೇರಿದ ನೈಕ್ರೋಮ್ ಇನ್ನೂ ಬೇಗ ಕಾಯುತ್ತದೆ. ಆದರೆ ನಿಕಲ್ ಅಲರ್ಜಿ ಇರುವವರಿಗೆ ಅದು ಬೇಡ. ಟೈಟಾನಿಯಂ ಮತ್ತು ಶುದ್ಧ ನಿಕಲ್ ತಂತಿಗಳು ಟೆಂಪರೇಚರ್ ಕಂಟ್ರೋಲ್‌ಗೆ (ತಂತಿಯ ಬಿಸಿಯನ್ನು ಮಾಡ್ ತಾನೇ ಮಿತಿಯಲ್ಲಿಡುವ ವಿಧಾನ) ಮೀಸಲು. ಅವನ್ನು ಎಂದೂ ಕೆಂಪಗೆ ಕಾಯಿಸಬಾರದು.

ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ. ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು. 26 ಗೇಜ್ ಎಂದರೆ ಸುಮಾರು 0.4 ಮಿಲಿಮೀಟರ್, 28 ಎಂದರೆ 0.32. 26 ಗೇಜ್‌ನ ಕ್ಯಾಂಥಲ್ ತಂತಿಯನ್ನು 3 ಮಿಲಿಮೀಟರ್ ಕಡ್ಡಿಗೆ ಆರು ಸುತ್ತು ಸುತ್ತಿದರೆ ಹೆಚ್ಚುಕಡಿಮೆ 0.8 ಓಮ್ ಬರುತ್ತದೆ. ಮೊದಲ ಕಾಯಿಲ್‌ಗೆ ಇದು ಹೇಳಿ ಮಾಡಿಸಿದ ಅಳತೆ.

ಈಗ ಶಾಲೆಯಲ್ಲಿ ಕಲಿತ ಓಮ್‌ನ ನಿಯಮವನ್ನು ನೆನಪಿಸಿಕೊಳ್ಳಿ. ವೋಲ್ಟೇಜನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್. ಪೂರ್ತಿ ಚಾರ್ಜ್ ಆದ ಲಿಥಿಯಂ ಅಯಾನ್ ಬ್ಯಾಟರಿ 4.2 ವೋಲ್ಟ್ ಇರುತ್ತದೆ. 0.8 ಓಮ್‌ನ ಕಾಯಿಲನ್ನು ಅದಕ್ಕೆ ನೇರವಾಗಿ ಜೋಡಿಸಿದರೆ ಹರಿಯುವುದು 5.25 ಆಂಪಿಯರ್. ಅಂಥವೇ ಎರಡು ಕಾಯಿಲ್ ಹಾಕಿದರೆ ಓಮ್ ಅರ್ಧಕ್ಕಿಳಿದು 0.4 ಆಗುತ್ತದೆ, ಆಂಪಿಯರ್ 10.5ಕ್ಕೆ ಏರುತ್ತದೆ. 0.1 ಓಮ್ ಆದರೆ 42 ಆಂಪಿಯರ್! ಮಾಡ್‌ನೊಳಗೆ ಕೂರುವ ಕೊಳವೆಯಾಕಾರದ ಬ್ಯಾಟರಿಗೆ 18650 ಎನ್ನುತ್ತಾರೆ. ಒಳ್ಳೆಯ 18650 ಬ್ಯಾಟರಿಗಳೇ ಸಾಮಾನ್ಯವಾಗಿ ಸತತವಾಗಿ ಕೊಡಬಲ್ಲದ್ದು 20ರಿಂದ 25 ಆಂಪಿಯರ್. ಹೊದಿಕೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ 35, 40 ಎಂಬ ಅಂಕಿಗಳು ಎಷ್ಟೋ ಸಲ ಕೆಲವೇ ಸೆಕೆಂಡಿನ ಮಟ್ಟಿಗೆ ಮಾತ್ರ ನಿಜ.

ರೆಗ್ಯುಲೇಟೆಡ್ ಮಾಡ್‌ನಲ್ಲಿ ಲೆಕ್ಕ ಸ್ವಲ್ಪ ಬೇರೆ, ಹಲವರು ಎಡವುವುದು ಇಲ್ಲೇ. ಅಲ್ಲಿ ಬ್ಯಾಟರಿಯ ಮೇಲಿನ ಹೊರೆಯನ್ನು ತೀರ್ಮಾನಿಸುವುದು ಕಾಯಿಲ್‌ನ ಓಮ್ ಅಲ್ಲ, ನೀವು ಇಟ್ಟ ವಾಟ್. ಬ್ಯಾಟರಿ ಇಳಿದು 3.2 ವೋಲ್ಟ್‌ಗೆ ಬಂದಾಗಲೂ ನೀವು 60 ವಾಟ್ ಕೇಳಿದರೆ, ಚಿಪ್‌ನಲ್ಲಿ ಸೋರಿಹೋಗುವ ಶಕ್ತಿಯೂ ಸೇರಿ ಅದು ಸುಮಾರು 20 ಆಂಪಿಯರ್ ಒದಗಿಸಬೇಕಾಗುತ್ತದೆ. ಒಂದೇ ಬ್ಯಾಟರಿಯ ಸಾಧನದಲ್ಲಿ ಅದಕ್ಕಿಂತ ಮೇಲೆ ಹೋಗದಿರುವುದು ಕ್ಷೇಮ. ನಮ್ಮ 0.8 ಓಮ್ ಕಾಯಿಲ್‌ಗಂತೂ 15ರಿಂದ 22 ವಾಟ್ ಸಾಕು.

ಬ್ಯಾಟರಿಯ ಪ್ಲಾಸ್ಟಿಕ್ ಹೊದಿಕೆಯನ್ನು ಪ್ರತಿ ಸಲವೂ ನೋಡಿ. 18650ರ ಇಡೀ ಲೋಹದ ಮೈಯೇ ನೆಗೆಟಿವ್. ಮೇಲಿನ ಪಾಸಿಟಿವ್ ತುದಿಗೂ ಅದಕ್ಕೂ ನಡುವೆ ಇರುವುದು ಕೂದಲೆಳೆಯಷ್ಟೇ ಅಂತರ. ತುದಿಯ ಬಳಿ ಹೊದಿಕೆ ಉಗುರಿನಷ್ಟು ಹರಿದರೂ ಶಾರ್ಟ್ ಆಗಬಹುದು. ಹರಿದಿದ್ದರೆ ಹೊಸ ಹೊದಿಕೆ ಹಾಕಿ, ಇಲ್ಲವೇ ಬ್ಯಾಟರಿಯನ್ನೇ ಬದಿಗಿಡಿ. ಬಿಡಿ ಬ್ಯಾಟರಿಯನ್ನು ಬೀಗದ ಕೈ, ಚಿಲ್ಲರೆ ಇರುವ ಜೇಬಿಗೆ ಎಂದಿಗೂ ಹಾಕಬೇಡಿ. ಅದಕ್ಕೆಂದೇ ಪ್ಲಾಸ್ಟಿಕ್ ಡಬ್ಬಿಗಳು ಸಿಗುತ್ತವೆ.

ಸುತ್ತುವುದು, ಕೂರಿಸುವುದು

ಒಂದು ಗೇಣಿನಷ್ಟು ತಂತಿ ಕತ್ತರಿಸಿಕೊಳ್ಳಿ. ಕಡ್ಡಿಯನ್ನು ಎಡಗೈಯಲ್ಲಿ ಹಿಡಿದು, ತಂತಿಯನ್ನು ಬಿಗಿಯಾಗಿ ಎಳೆಯುತ್ತ, ಸುತ್ತಿನ ಪಕ್ಕಕ್ಕೇ ಸುತ್ತು ಕೂರುವಂತೆ ಆರು ಸಲ ಸುತ್ತಿ. ಎರಡೂ ಕಾಲುಗಳು ಒಂದೇ ದಿಕ್ಕಿಗೆ ಇಳಿಯಬೇಕು. ಕಡ್ಡಿಯನ್ನು ತೆಗೆಯದೆ, ಕಾಲುಗಳನ್ನು ಡೆಕ್‌ನ (ಅಟಮೈಸರ್‌ನ ತಳದ ತಟ್ಟೆ) ಪೋಸ್ಟ್‌ಗಳಿಗೆ (ತಂತಿ ಹಿಡಿಯುವ ಪುಟ್ಟ ಕಂಬಗಳು) ಸೇರಿಸಿ ಸ್ಕ್ರೂ ಬಿಗಿಯಿರಿ. ತಂತಿಯನ್ನು ಸ್ಕ್ರೂವಿನ ತಲೆಯಡಿ ಸಿಕ್ಕಿಸುವ ಡೆಕ್ ಆದರೆ, ಸ್ಕ್ರೂ ತಿರುಗುವ ದಿಕ್ಕಿಗೇ ಕಾಲನ್ನು ಬಳಸಿ. ಆಗ ಬಿಗಿದಷ್ಟೂ ತಂತಿ ಒಳಕ್ಕೆ ಎಳೆದುಕೊಳ್ಳುತ್ತದೆ. ಉಲ್ಟಾ ಬಳಸಿದರೆ ಹೊರಕ್ಕೆ ಜಾರುತ್ತದೆ. ಬಿಗಿ ಸಾಕಷ್ಟಿರಲಿ, ಆದರೆ ತೆಳು ತಂತಿ ತುಂಡಾಗುವಷ್ಟು ಬೇಡ.

ಕಡ್ಡಿಯನ್ನೇ ಹಿಡಿಯಾಗಿ ಮಾಡಿಕೊಂಡು ಕಾಯಿಲನ್ನು ಗಾಳಿಕಿಂಡಿಗೆ ಎದುರಾಗಿ, ಡೆಕ್ಕಿಗಿಂತ ಎರಡು ಮಿಲಿಮೀಟರ್‌ನಷ್ಟು ಮೇಲೆ ನಿಲ್ಲಿಸಿ. ಅದು ಡೆಕ್ಕಿಗಾಗಲಿ ಮುಚ್ಚಳಕ್ಕಾಗಲಿ ತಾಗಬಾರದು. ಪೋಸ್ಟಿನಾಚೆ ಚಾಚಿರುವ ತಂತಿಯ ತುದಿಗಳನ್ನು ಬುಡಮಟ್ಟ ಕತ್ತರಿಸಿ. ನನ್ನ ಮೂರನೆಯದೋ ನಾಲ್ಕನೆಯದೋ ಕಾಯಿಲ್‌ನಲ್ಲಿ ಒಂದು ತುದಿ ಎಳ್ಳಿನಷ್ಟು ಉಳಿದುಬಿಟ್ಟಿತ್ತು. ಮುಚ್ಚಳ ತೆಗೆದಿದ್ದಾಗ ಪರದೆಯಲ್ಲಿ 0.8 ಓಮ್, ಮುಚ್ಚಿದ ತಕ್ಷಣ ಶಾರ್ಟ್ ಎಂಬ ಎಚ್ಚರಿಕೆ. ಅರ್ಧ ಗಂಟೆ ಹುಡುಕಿದ ಮೇಲೆ ಮುಚ್ಚಳದ ಒಳಗೋಡೆಯಲ್ಲಿ ಆ ತುದಿ ಗೀಚಿದ ಸಣ್ಣ ಗೆರೆ ಕಂಡಿತು. ಅಂದಿನಿಂದ ನಾನು ಓಮನ್ನು ಎರಡು ಸಲ ನೋಡುತ್ತೇನೆ, ಮುಚ್ಚಳ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಇನ್ನೊಮ್ಮೆ. ಅಂಕಿ ಕುಣಿಯುತ್ತಿದ್ದರೆ ಸ್ಕ್ರೂ ಸಡಿಲವಾಗಿದೆ ಎಂದರ್ಥ.

ಅಂಕಿ ಸರಿಯಿದ್ದರೆ ಹತ್ತಿ ಹಾಕುವ ಮುನ್ನ ಕಾಯಿಲನ್ನು ಹದಗೊಳಿಸಬೇಕು. ವಾಟನ್ನು 10-12ಕ್ಕೆ ಇಳಿಸಿ, ಗುಂಡಿಯನ್ನು ಒಂದೆರಡು ಸೆಕೆಂಡ್ ಒತ್ತಿ ಬಿಡಿ. ಮೊದಮೊದಲು ಒಂದು ಸುತ್ತು ಮಾತ್ರ ಥಟ್ಟನೆ ಕೆಂಡವಾಗುತ್ತದೆ, ಪಕ್ಕದ್ದು ಕಪ್ಪಗೇ ಇರುತ್ತದೆ. ಗುಂಡಿಯಿಂದ ಬೆರಳು ತೆಗೆದು, ಸೆರಾಮಿಕ್ ಚಿಮಟದ ತುದಿಯಿಂದ ಸುತ್ತುಗಳ ಮೇಲೆ ತಂಬೂರಿ ಮೀಟಿದ ಹಾಗೆ ಮೆಲ್ಲಗೆ ಎಳೆಯಿರಿ. ಎರಡೂ ಬದಿಯಿಂದ ಸ್ವಲ್ಪ ಒತ್ತಿ ಹಿಡಿಯಿರಿ. ಮತ್ತೆ ಗುಂಡಿ, ಮತ್ತೆ ಚಿಮಟ. ನಾಲ್ಕೈದು ಸಲ ಹೀಗೆ ಮಾಡುವಷ್ಟರಲ್ಲಿ ಕೆಂಪು ನಡುವಿನಿಂದ ಹುಟ್ಟಿ ಎರಡೂ ಅಂಚಿಗೆ ಒಂದೇ ಸಮನೆ ಹರಡತೊಡಗುತ್ತದೆ. ಅಲ್ಲಿಗೆ ಕಾಯಿಲ್ ಸಿದ್ಧ. ಪೂರ್ತಿ ಆರುವ ತನಕ ಬೆರಳು ತಾಗಿಸಬೇಡಿ.

ಬತ್ತಿ

ದೀಪದ ಬತ್ತಿ ಎಣ್ಣೆ ಹೀರುವ ತತ್ವವೇ ಇಲ್ಲಿಯೂ ಇದೆ. ವ್ಯತ್ಯಾಸವೆಂದರೆ ಇಲ್ಲಿ ಬತ್ತಿ ಉರಿಯಬಾರದು. ತಂತಿ ಲಿಕ್ವಿಡನ್ನು ಎಷ್ಟು ಬೇಗ ಆವಿ ಮಾಡುತ್ತದೆಯೋ ಅಷ್ಟೇ ಬೇಗ ಹತ್ತಿ ಹೊಸ ಲಿಕ್ವಿಡ್ ತಂದೊಪ್ಪಿಸಬೇಕು. ಸ್ವಲ್ಪ ತಡವಾದರೂ ಗಂಟಲಿಗೆ ಬರುವುದು ಕರಕಲು ಹೊಗೆ. ರುಚಿಗೆಡುವುದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಲಿಕ್ವಿಡ್‌ನಲ್ಲಿರುವ ಗ್ಲಿಸರಿನ್ ವಿಪರೀತ ಕಾದಾಗ ಅಕ್ರೋಲಿನ್, ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಹುಟ್ಟುತ್ತವೆ. ಆದ್ದರಿಂದ ಸುಟ್ಟ ರುಚಿ ಬಂದಾಗ ‘ಇನ್ನೊಂದು ದಮ್ಮು ಎಳೆದು ನೋಡೋಣ’ ಎನ್ನುವ ಮಾತೇ ಬೇಡ, ಬಿಚ್ಚಿ ನೋಡಿ.

ಬಣ್ಣ, ಪರಿಮಳ ಬೆರೆಸದ ಶುದ್ಧ ಹತ್ತಿಯೇ ಆಗಬೇಕು. ಹಾಳೆಯಂತೆ ಬರುವ ಹತ್ತಿಯಾದರೆ ಎಳೆಗಳ ಉದ್ದಕ್ಕೆ ಒಂದು ಪಟ್ಟಿ ಕತ್ತರಿಸಿ, ಮೇಲಿನ ಒರಟು ಪದರ ಸುಲಿದು ಹಾಕಿ. ಒಂದು ತುದಿಯನ್ನು ಬೆರಳಲ್ಲಿ ಹೊಸೆದು ಮೊನೆ ಮಾಡಿ ಕಾಯಿಲ್‌ನೊಳಗೆ ತೂರಿಸಿ, ಆಚೆಯಿಂದ ಎಳೆಯಿರಿ.

ಎಳೆಯುವಾಗ ಕೈಗೆ ಏನು ತಿಳಿಯುತ್ತದೆ ಎಂಬುದನ್ನು ಗಮನಿಸಿ. ಹತ್ತಿ ಸರ್ರನೆ ಜಾರಿ ಬಂದರೆ ಅದು ತೀರಾ ಕಡಿಮೆ. ಕಾಯಿಲ್ ಬಾಗಿ ಹತ್ತಿಯ ಜೊತೆಗೇ ಬರತೊಡಗಿದರೆ ಅತಿಯಾಯಿತು, ಒಂದಷ್ಟು ಎಳೆ ಕಿತ್ತುಹಾಕಿ. ತುಸು ತಡೆದು ತಡೆದು, ಆದರೆ ಕಾಯಿಲ್ ಅಲುಗದಂತೆ ಸರಿದು ಬಂದರೆ ಅದೇ ಹದ. ಈ ಹದವನ್ನು ಅಳತೆಯಲ್ಲಿ ಹೇಳಲು ಬರುವುದಿಲ್ಲ. ಹಿಟ್ಟು ನಾದುವವರ ಕೈಗೆ ನೀರಿನ ಅಳತೆ ತಿಳಿಯುವಂತೆ, ಏಳೆಂಟು ಸಲ ಹಾಕಿದ ಮೇಲೆ ಬೆರಳಿಗೇ ಗೊತ್ತಾಗುತ್ತದೆ. ನನಗೆ ಹತ್ತನೆಯ ಸಲಕ್ಕೆ ಕೂಡಿಬಂತು. ಅಲ್ಲಿಯವರೆಗೂ ಹೆಚ್ಚು ಹಾಕಿದರೆ ಹೆಚ್ಚು ಹೀರುತ್ತದೆ ಎಂದು ನಂಬಿ ತುರುಕುತ್ತಿದ್ದೆ. ಒತ್ತೊತ್ತಾಗಿ ತುಂಬಿದ ಹತ್ತಿಯೊಳಗೆ ಲಿಕ್ವಿಡ್ ಹರಿಯಲು ದಾರಿಯೇ ಇರುವುದಿಲ್ಲ.

ಎರಡೂ ಕಡೆಯ ಬಾಲಗಳನ್ನು ಡೆಕ್‌ನ ತಳ ಮುಟ್ಟುವಷ್ಟು ಉದ್ದಕ್ಕೆ ಕತ್ತರಿಸಿ, ಸೂಜಿಯ ತುದಿಯಿಂದ ಬಾಚಿ ಸಡಿಲಗೊಳಿಸಿ, ಕಾಯಿಲ್‌ನ ಕೆಳಗಿನ ಗಾಳಿಕಿಂಡಿಗೆ ಅಡ್ಡ ಬರದಂತೆ ಮಡಚಿ ಕೂರಿಸಿ. ಆರ್‌ಟಿಎ ಆದರೆ ಬಾಲಗಳು ಲಿಕ್ವಿಡ್ ಬರುವ ತೂತಿನ ಬಾಯಿ ಮುಚ್ಚಬೇಕು, ಆದರೆ ಒಳಕ್ಕೆ ತುರುಕಿಕೊಳ್ಳಬಾರದು. ಅಲ್ಲಿ ಹತ್ತಿ ಕಡಿಮೆಯಾದರೆ ಸೋರಿಕೆ, ಹೆಚ್ಚಾದರೆ ಸುಟ್ಟ ರುಚಿ.

ಹನಿಸಿ, ಸೇದಿ

ಇನ್ನು ಲಿಕ್ವಿಡ್. ಇದರಲ್ಲಿ ಪ್ರೊಪಿಲೀನ್ ಗ್ಲೈಕಾಲ್, ವೆಜಿಟಬಲ್ ಗ್ಲಿಸರಿನ್, ಫ್ಲೇವರ್, ನಿಕೋಟಿನ್ ಇರುತ್ತವೆ. ಪಾಡ್ ಎಂಬ ಚಿಕ್ಕ ವೇಪ್ ಸಾಧನದಲ್ಲಿ ಬಳಸುತ್ತಿದ್ದ, ನಿಕೋಟಿನ್ ಹೆಚ್ಚಿರುವ ಲಿಕ್ವಿಡನ್ನು ಇದಕ್ಕೆ ಹನಿಸಬೇಡಿ. ಡ್ರಿಪ್ಪರ್ ಒಂದು ದಮ್ಮಿಗೆ ಕೊಡುವ ಆವಿ ಬಹಳ ಹೆಚ್ಚು. ಮಿಲಿಲೀಟರಿಗೆ 3 ಮಿಲಿಗ್ರಾಂನಿಂದ ಶುರು ಮಾಡಿ. ಎಣ್ಣೆ ಆಧಾರಿತವಾದ ಯಾವುದನ್ನೂ ಹಾಕಕೂಡದು. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶ ಹಾಳಾದ ಪ್ರಕರಣಗಳು ಹಬ್ಬಿದಾಗ ಮುಖ್ಯವಾಗಿ ಬೆರಳು ತೋರಿದ್ದು ಗಾಂಜಾ ಕಾರ್ಟ್ರಿಜ್‌ಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತುವಿನತ್ತ. ಲಿಕ್ವಿಡ್ ಬಾಟಲಿ ಮಕ್ಕಳ, ಸಾಕುಪ್ರಾಣಿಗಳ ಕೈಗೆ ಎಟುಕಬಾರದು. ನಿಕೋಟಿನ್ ಚರ್ಮದ ಮೂಲಕವೂ ಒಳಹೋಗುತ್ತದೆ; ಚೆಲ್ಲಿದರೆ ತಕ್ಷಣ ಕೈ ತೊಳೆಯಿರಿ.

ಹತ್ತಿಯ ಬಿಳುಪು ಪೂರ್ತಿ ಮಾಯವಾಗಿ ಒದ್ದೆ ಹೊಳಪು ಬರುವ ತನಕ, ಬಾಲಗಳಿಗೂ ಕಾಯಿಲ್‌ನ ಮೇಲೂ ಹನಿಸಿ. ಎರಡು ನಿಮಿಷ ಬಿಡಿ. ಮುಚ್ಚಳ ತೆಗೆದೇ ಇಟ್ಟು ಒಂದು ಸೆಕೆಂಡ್ ಗುಂಡಿ ಒತ್ತಿ: ಚುರ್ ಎಂದು ಕಾಯಿಲ್‌ನ ಎಲ್ಲ ಕಡೆಯಿಂದ ಸಮನಾಗಿ ಆವಿ ಏಳಬೇಕು. ಮುಚ್ಚಳ ಹಾಕಿ, ಓಮ್ ನೋಡಿ, 15 ವಾಟಿನಿಂದ ಶುರು ಮಾಡಿ ಒಂದೊಂದೇ ಏರಿಸುತ್ತ ಬನ್ನಿ. ಮೊದಲ ಕೆಲವು ದಮ್ಮು ಹತ್ತಿಯ ರುಚಿ ಇದ್ದೇ ಇರುತ್ತದೆ.

ಕೆಲವು ದಿನಗಳಾದ ಮೇಲೆ ಹತ್ತಿ ಕಂದಾಗಿ ರುಚಿ ಮಂಕಾಗುತ್ತದೆ. ಸಿಹಿ ಹೆಚ್ಚಿರುವ ಲಿಕ್ವಿಡ್ ಆದರೆ ಇನ್ನೂ ಬೇಗ. ಹತ್ತಿ ಕಿತ್ತುಹಾಕಿ, ಬರಿ ಕಾಯಿಲನ್ನು ಕಡಿಮೆ ವಾಟಿನಲ್ಲಿ ಮೆಲ್ಲಗೆ ಕಾಯಿಸಿದರೆ ಕರಿ ಬೂದಿಯಾಗಿ ಉದುರುತ್ತದೆ. ಆರಿದ ಮೇಲೆ ಅಟಮೈಸರನ್ನು ಮಾಡ್‌ನಿಂದ ಬಿಚ್ಚಿ, ನಲ್ಲಿ ನೀರಿನಡಿ ಹಿಡಿದು ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ ಹೊಸ ಬತ್ತಿ ಹಾಕಿ. ತಂತಿಯ ಮೇಲೆ ಗುಳಿ ಬಿದ್ದಂತೆ ಕಂಡರೆ, ಇಲ್ಲವೇ ಓಮ್ ಮೊದಲಿನ ಅಂಕಿಯಿಂದ ದೂರ ಸರಿದಿದ್ದರೆ, ಅದನ್ನೂ ತೆಗೆದು ಹೊಸದು ಸುತ್ತಿ. ಆರು ಸುತ್ತು, ಐದು ನಿಮಿಷದ ಕೆಲಸ.